ಆಡಿನ ಮರಿಯ ಮೊದಲ ಗುಟುಕು

ಹಸು ಕರು ಹಾಕಿದ ಮನೆಯಿಂದ ಗಿಣ್ಣುಹಾಲಿನ ತಂಬಿಗೆ ಬಂದ ದಿನ ನಮ್ಮ ಪಟ್ಟಣದ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. ಬೆಲ್ಲ ಕರಗಿಸಿ, ಏಲಕ್ಕಿ ಪುಡಿ ಬೆರೆಸಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಬಿಲ್ಲೆ ಕೊಯ್ದು ಹಂಚಿಕೊಳ್ಳುವ ಆ ತಿನಿಸಿನ ರುಚಿಯನ್ನು ಓದುಗರಾದ ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಆದರೆ ಆ ಹಾಲು ಯಾರ ಪಾಲಿನದು, ಆ ಪಾಲುದಾರನಿಗೆ ಅದು ಸಲ್ಲಿತೇ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಅದು ಅರಮನೆಯ ಚರಿತ್ರೆಯಲ್ಲ, ಕೊಟ್ಟಿಗೆಯ ಚರಿತ್ರೆ. ಅದನ್ನು ಇಲ್ಲಿ ಆಡಿನ ಮರಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕರುವಿಗೆ ಮೈತೂಕದ ಬಲವಾದರೂ ಇದೆ. ಒಂದೂವರೆ ಎರಡು ಕಿಲೋ ತೂಗುವ ಆಡಿನ ಮರಿಗೆ ನಮ್ಮ ತಪ್ಪುಗಳನ್ನು ತಾಳಿಕೊಳ್ಳುವ ತ್ರಾಣ ಬಹಳ ಕಡಿಮೆ.

ಹೀಗೆ ಹೇಳುವುದಕ್ಕೆ ಸ್ವಂತದ ಕಾರಣವೂ ಒಂದಿದೆ. ನನಗಾಗ ಹತ್ತು ವರ್ಷ. ರಜಕ್ಕೆ ಅಜ್ಜಿಯ ಹಳ್ಳಿಗೆ ಹೋಗಿದ್ದೆ. ಮಾರ್ಗಶಿರದ ಚಳಿ. ದೀಪ ಹಚ್ಚುವ ಹೊತ್ತಿಗೆ ಕರಿಯ ಮೇಕೆ ಅವಳಿ ಮರಿ ಹಾಕಿತು. ಮೊದಲನೆಯದು ಹುಟ್ಟಿದ ಅರ್ಧ ಗಂಟೆಗೆಲ್ಲ ನಾಲ್ಕು ಕಾಲೂರಿ ತಾಯಿಯ ಕೆಚ್ಚಲನ್ನು ತಡಕತೊಡಗಿತು. ಎರಡನೆಯದು ಸಣಕಲು. ನಾನು ಅದನ್ನೆತ್ತಿ ಮೊಲೆಯ ಬಳಿಗೆ ಒಯ್ಯುವಷ್ಟರಲ್ಲಿ ಅಜ್ಜಿ, "ಮಾಸು ಬೀಳೋ ತನಕ ಮೊಲೆಗೆ ಬಿಡಬ್ಯಾಡ ಕಣ್ ಮಗ, ಮರಿಗೆ ಭೇದಿ ಹತ್ತುತ್ತೆ" ಎಂದು ತಡೆದಳು. ಎರಡು ಮರಿಗಳನ್ನೂ ಮಂಕರಿಯಡಿಯಲ್ಲಿ ಕವುಚಿದ್ದಾಯಿತು. ಮಾಸು ಬಿದ್ದದ್ದು ಕೋಳಿ ಕೂಗಿದ ಮೇಲೆ. ಅಷ್ಟರಲ್ಲಿ ಮೊದಲಿನ ಗಿಣ್ಣನ್ನು ಕರೆದು ಒಂದು ಚೊಂಬಿನಲ್ಲಿ ತೆಗೆದಿಟ್ಟಿದ್ದರು. ಬಲವಾದ ಮರಿ ಹೇಗೋ ಬದುಕಿಕೊಂಡಿತು. ಸಣಕಲು ಮರಿಗೆ ಮರುದಿನವೇ ಬಿಳಿ ಭೇದಿ ಹತ್ತಿ, ಮೂರನೆಯ ದಿನ ಅದು ಕಣ್ಣು ಮುಚ್ಚಿತು. ಅಜ್ಜಿ ದೃಷ್ಟಿಯಾಯಿತೆಂದಳು. ಗಿಣ್ಣು ತಡವಾದದ್ದರಿಂದಲೇ ಅದು ಸತ್ತಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಚಳಿಯೂ ಇತ್ತು, ಹುಟ್ಟಿನ ನಿಶ್ಶಕ್ತಿಯೂ ಇತ್ತು. ಅಜ್ಜಿ ಕಟುಕಳಂತೂ ಅಲ್ಲ. ಆ ರಾತ್ರಿ ಎರಡು ಸಲ ಎದ್ದು ಮಂಕರಿಯ ಮೇಲೆ ಗೋಣಿಯನ್ನು ಸರಿಮಾಡಿದವಳು ಅವಳೇ. ಆದರೂ ಈ ನಿಷೇಧ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಮುಂದೆ ನಾನು ಪಂಡಿತ ಪರೀಕ್ಷೆಗೆ ಓದುವಾಗ ಅಮರಕೋಶದಲ್ಲಿ ಒಂದು ಶಬ್ದ ಕಣ್ಣಿಗೆ ಬಿತ್ತು. 'ಪೀಯೂಷ' ಎಂದರೆ ಅಮೃತವೆಂದು ನಾವೆಲ್ಲ ಬಲ್ಲೆವು. ಅದೇ ಶಬ್ದಕ್ಕೆ ಅಮರಸಿಂಹನು ಮತ್ತೊಂದೆಡೆ, ಈದ ಪಶುವಿನ ಹೊಸ ಹಾಲು ಎಂಬ ಅರ್ಥವನ್ನು ಕೊಡುತ್ತಾನೆ. ಕನ್ನಡದ ಗಿಣ್ಣು, ತೆಲುಗಿನ ಜುನ್ನು, ಮರಾಠಿಯ ಚೀಕ, ತಮಿಳಿನ ಸೀಂಪಾಲ್ ಎಲ್ಲವೂ ಅದೇ. ಅಮೃತಕ್ಕೂ ಗಿಣ್ಣಿಗೂ ಒಂದೇ ಹೆಸರಿಟ್ಟ ನಾಡಿನಲ್ಲಿ ಮರಿಗೆ ಅದನ್ನು ತಪ್ಪಿಸುವ ರೂಢಿಯೂ ಬೆಳೆದದ್ದು ವಿಚಿತ್ರವೇ ಸರಿ. ಗ್ರಂಥಗಳನ್ನು ನೋಡೋಣವೆಂದರೆ, ನಮ್ಮ ಹಿರಿಯರು ಆನೆ ಕುದುರೆಗಳ ವೈದ್ಯವನ್ನು ವಿಸ್ತಾರವಾಗಿ ಬರೆದಿದ್ದಾರೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದ್ದಾನೆ. ಆನೆ ಕುದುರೆಗಳು ಸೇನೆಗೆ ಬೇಕು, ಗೋವು ಪೂಜ್ಯ. ಬಡವರ ಮನೆಯ ಆಡಿಗೆ ಆಸ್ಥಾನದ ಲೇಖನಿ ಸಿಕ್ಕುವುದೆಲ್ಲಿ? ಅದರ ವಿದ್ಯೆ ಗೊಲ್ಲರ, ಕುರುಬರ, ನಮ್ಮಜ್ಜಿಯಂಥವರ ಬಾಯಿಂದ ಬಾಯಿಗೆ ದಾಟಿ ಬಂತು. ಹಾಗೆ ಬಂದುದರಲ್ಲಿ ಚಿನ್ನವೂ ಇದೆ, ಕಸವೂ ಇದೆ.

ಈ ಕಸ ನಮ್ಮೊಬ್ಬರದೇ ಎಂದು ತಿಳಿಯಬೇಡಿ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯದಲ್ಲಿದ್ದ ಕೊಲುಮೆಲ್ಲ ಎಂಬಾತನು ಬೇಸಾಯದ ಮೇಲೆ ಹನ್ನೆರಡು ಸಂಪುಟಗಳ ಗ್ರಂಥವನ್ನು ಬರೆದನು. ಅದರ ಏಳನೆಯ ಸಂಪುಟದಲ್ಲಿ ಕುರಿ ಆಡುಗಳ ಪಾಲನೆ ಬರುತ್ತದೆ. ಹುಟ್ಟಿದ ಕುರಿಮರಿಯನ್ನು ಎತ್ತಿ ನಿಲ್ಲಿಸಿ ಕೆಚ್ಚಲಿಗೆ ಹಚ್ಚಬೇಕು. ಆದರೆ ಅದಕ್ಕೆ ಮೊದಲು ಕುರುಬರು 'ಕೊಲೋಸ್ತ್ರ' ಎನ್ನುವ ಮಂದವಾದ ಹಾಲನ್ನು ಸ್ವಲ್ಪ ಕರೆದು ಚೆಲ್ಲಬೇಕು, ಇಲ್ಲವಾದರೆ ಮರಿಗೆ ಕೇಡು ಎಂಬುದು ಅವನ ವಿಧಿ. ಇಂದಿಗೂ ಪಶ್ಚಿಮದವರು ಗಿಣ್ಣಿಗೆ ಇಟ್ಟಿರುವ ಹೆಸರು ಈ ಕುರುಬರ ಮಾತಿನಿಂದಲೇ ಬಂದದ್ದು. ಮನುಷ್ಯರ ಕೂಸುಗಳಿಗೂ ಇದೇ ಗತಿಯಾಗಿತ್ತು. ನಮ್ಮ ಸುಶ್ರುತ ಸಂಹಿತೆಯಲ್ಲಿ ಮೊದಲ ದಿನಗಳಿಗೆ ಜೇನು ತುಪ್ಪಗಳನ್ನು ಹೇಳಿದೆ. ಯೂರೋಪಿನ ವೈದ್ಯರೂ ತಾಯಿಯ ಮೊದಲ ಹಾಲನ್ನು ಬಹುಕಾಲ ಅನುಮಾನಿಸಿದರು. ವಿಲಿಯಂ ಕ್ಯಾಡೊಗನ್ ಎಂಬ ವೈದ್ಯನು ೧೭೪೮ರಲ್ಲಿ ಒಂದು ಪುಸ್ತಿಕೆಯನ್ನು ಬರೆದು, ಕೂಸನ್ನು ತಡಮಾಡದೆ ತಾಯಿಯ ಎದೆಗೆ ಹಚ್ಚಿರೆಂದು ವಾದಿಸಬೇಕಾಯಿತು. ಜೇನನ್ನು ವರ್ಷ ತುಂಬುವವರೆಗೆ ಕೂಸಿಗೆ ಕೊಡಬಾರದೆಂದೂ, ಹುಟ್ಟಿದ ಗಂಟೆಯೊಳಗೆ ತಾಯಿಯ ಹಾಲೇ ಆಗಬೇಕೆಂದೂ ಈಗ ವೈದ್ಯರು ಹೇಳುತ್ತಾರೆ.

ಕೊಲುಮೆಲ್ಲನ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಈದ ಆಡಿನ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಕಟ್ಟಿಕೊಂಡಿರುತ್ತದೆ. ನಿಶ್ಶಕ್ತ ಮರಿ ಎಷ್ಟು ಚೀಪಿದರೂ ಅದು ಬಿಡದೆ ಇರಬಹುದು. ಆದ್ದರಿಂದ ತೊಟ್ಟನ್ನು ಒರೆಸಿ ಒಂದೆರಡು ಧಾರೆ ಹಿಂಡಿ ದಾರಿ ಬಿಡಿಸುವುದು ಸರಿಯಾದ ಕ್ರಮ. ಆದರೆ ಒಂದೆರಡು ಧಾರೆ ಹಿಂಡುವುದು ಬೇರೆ, ಚೊಂಬು ತುಂಬ ಕರೆದಿಡುವುದು ಬೇರೆ. ಮೊದಲನೆಯದೇ ಬೆಳೆದು ಎರಡನೆಯದಾಯಿತೋ ಏನೋ ಎಂದು ನನಗೆ ಅನ್ನಿಸುತ್ತದೆ.

ಗಿಣ್ಣಿನ ಗುಟ್ಟು ಬಿಚ್ಚತೊಡಗಿದ್ದು ಆಡಿನ ಕೊಟ್ಟಿಗೆಯಲ್ಲಲ್ಲ, ಬರ್ಲಿನ್ ನಗರದ ಇಲಿಗಳ ಪಂಜರದಲ್ಲಿ. ಅದೂ ನಮ್ಮ ಗುಲಗಂಜಿಯ ನೆರವಿನಿಂದ! ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕದ ಬೊಟ್ಟಾಗಿದ್ದ ಈ ಕೆಂಪು ಕರಿಯ ಬೀಜದೊಳಗೆ ಘೋರ ವಿಷವಿದೆ. ಹಿಂದಿನ ಕಾಲದಲ್ಲಿ ದುರುಳರು ಚರ್ಮದ ಆಸೆಗಾಗಿ ಗುಲಗಂಜಿಯನ್ನು ಅರೆದು ಮುಳ್ಳಿನಂತೆ ಒಣಗಿಸಿ ದನಗಳ ಮೈಗೆ ಚುಚ್ಚಿ ಕೊಲ್ಲುತ್ತಿದ್ದುದುಂಟು. ಜರ್ಮನಿಯ ಪಾಲ್ ಎರ್ಲಿಖ್ ಎಂಬ ವಿಜ್ಞಾನಿಯು ಗುಲಗಂಜಿಯ ವಿಷವನ್ನೂ ಹರಳಿನ ಬೀಜದ ವಿಷವನ್ನೂ ತೆಗೆದುಕೊಂಡು, ಇಲಿಗಳಿಗೆ ಮೊದಲು ಅತಿ ಸ್ವಲ್ಪವಾಗಿ, ಆಮೇಲೆ ಹೆಚ್ಚು ಹೆಚ್ಚಾಗಿ ಕೊಟ್ಟು, ಅವು ಮಾರಕ ಪ್ರಮಾಣವನ್ನೂ ಜೀರ್ಣಿಸಿಕೊಳ್ಳುವಂತೆ ಮಾಡಿದನು. ನಂತರ ಅವನಿಗೊಂದು ಸಂದೇಹ ಬಂತು: ಹೀಗೆ ಗಳಿಸಿದ ಶಕ್ತಿ ಮರಿಗಳಿಗೆ ಬರುತ್ತದೆಯೆ? ಬಂದರೆ ಯಾವ ದಾರಿಯಿಂದ? ಶಕ್ತಿ ಪಡೆದ ಗಂಡಿಲಿಯ ಮರಿಗಳಿಗೆ ತಂದೆಯ ಕಡೆಯಿಂದ ಏನೂ ಬರಲಿಲ್ಲ. ಶಕ್ತಿ ಪಡೆದ ತಾಯಿಯ ಮರಿಗಳಿಗೆ ಮಾತ್ರ ಸ್ವಲ್ಪ ಕಾಲ ರಕ್ಷಣೆ ಇತ್ತು. ಆಗ ಅವನು, ನಮ್ಮ ಕಥೆಗಳಲ್ಲಿ ಸೂಲಗಿತ್ತಿ ಕೂಸುಗಳನ್ನು ಅದಲುಬದಲು ಮಾಡುವಂತೆ, ಇಲಿಮರಿಗಳನ್ನು ಅದಲುಬದಲು ಮಾಡಿದನು. ಸಾಧಾರಣ ತಾಯಿಗೆ ಹುಟ್ಟಿ ಶಕ್ತಿವಂತ ತಾಯಿಯ ಹಾಲು ಕುಡಿದ ಮರಿ ವಿಷವನ್ನು ಗೆದ್ದಿತು. ಶಕ್ತಿವಂತ ತಾಯಿಗೆ ಹುಟ್ಟಿ ಸಾಧಾರಣ ತಾಯಿಯ ಹಾಲು ಕುಡಿದದ್ದು ಬೇಗನೆ ಆ ರಕ್ಷಣೆಯನ್ನು ಕಳೆದುಕೊಂಡಿತು. ಹಾಲು ಬರಿಯ ಆಹಾರವಲ್ಲ, ಕವಚವೂ ಹೌದು ಎಂಬುದು ೧೮೯೨ರಲ್ಲಿ ಹೀಗೆ ಗೊತ್ತಾಯಿತು. ಎರ್ಲಿಖ್‌ಗೆ ೧೯೦೮ರಲ್ಲಿ ನೊಬೆಲ್ ಬಹುಮಾನ ಬಂತು.

ಇಲಿಯ ಮಾತು ಆಡಿಗೆ ಅನ್ವಯಿಸುತ್ತದೆಯೆ? ಇದನ್ನು ತೋರಿಸಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಅಮೆರಿಕದ ಪ್ರಿನ್ಸ್‌ಟನ್ ಊರಿನಲ್ಲಿ ರಾಕ್‌ಫೆಲರ್ ಸಂಸ್ಥೆಯ ಪಶುರೋಗ ವಿಭಾಗವಿತ್ತು. ಅದರ ಮುಖ್ಯಸ್ಥ ಥಿಯೊಬಾಲ್ಡ್ ಸ್ಮಿತ್. ಉಣ್ಣೆಹುಳುವಿನಿಂದ ದನಗಳಿಗೆ ಜ್ವರ ಹರಡುವುದನ್ನು ಕಿಲ್ಬೋರ್ನ್ ಎಂಬಾತನ ಜತೆಗೂಡಿ ೧೮೯೩ರಲ್ಲೇ ಸಿದ್ಧಪಡಿಸಿ ಕೀರ್ತಿ ಪಡೆದಿದ್ದವನು. ಆ ವಿಭಾಗದ ಪಾಲ್ ಹೋ ಎಂಬಾತನು ೧೯೨೧ರಲ್ಲಿ, ಆಗತಾನೆ ಹುಟ್ಟಿದ ಕರುವಿನ ರಕ್ತದಲ್ಲಿ ಇಲ್ಲದ ಒಂದು ಬಗೆಯ ಸಸಾರಜನಕ ವಸ್ತು ಗಿಣ್ಣು ಕುಡಿದ ಮೇಲೆ ಕಾಣಿಸಿಕೊಳ್ಳುವುದನ್ನು ಗುರುತಿಸಿದನು. ಮರುವರ್ಷ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಇಬ್ಬರೂ ಕೆಲವು ಕರುಗಳಿಗೆ ಗಿಣ್ಣು ಕುಡಿಸಿ, ಕೆಲವಕ್ಕೆ ಗಿಣ್ಣು ತಪ್ಪಿಸಿ ಬರಿಯ ಹಾಲು ಕೊಟ್ಟು ನೋಡಿದರು. ಗಿಣ್ಣು ಕುಡಿದವು ಬದುಕಿದವು. ತಪ್ಪಿಸಿದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಕೊಯ್ದು ನೋಡಿದರೆ, ಕರುಳಿನಲ್ಲಿ ನಿರುಪದ್ರವಿಯಾಗಿ ಇರಬೇಕಾದ ಸಾಮಾನ್ಯ ಜೀವಾಣುಗಳೇ ಒಳಗಿನ ಅವಯವಗಳಿಗೆ ಲಗ್ಗೆ ಹಾಕಿದ್ದವು. ಈ ಭಾಗವನ್ನು ನಾನು ಮೊದಲ ಸಲ ಓದಿದಾಗ ಮಂಕರಿಯಡಿಯ ಸಣಕಲು ಮರಿ ನೆನಪಿಗೆ ಬಂತು.

ಕಾರಣವನ್ನು ಸರಳವಾಗಿ ಹೀಗೆ ಹೇಳಬಹುದು. ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಎಂದರೆ ರೋಗವನ್ನು ಎದುರಿಸುವ ವಸ್ತುಗಳು, ಮಾಸಿನ ಮೂಲಕ ಗರ್ಭದಲ್ಲಿರುವಾಗಲೇ ಕೂಸಿಗೆ ದಾಟುತ್ತವೆ. ಆಡು, ಕುರಿ, ಹಸುಗಳ ಮಾಸಿನ ರಚನೆ ಬೇರೆ. ಅದು ಪ್ರತಿಕಾಯಗಳನ್ನು ದಾಟಗೊಡುವುದಿಲ್ಲ. ಆದಕಾರಣ ಆಡಿನ ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲಿನ ಆಸ್ತಿಯೆಲ್ಲ ಗಿಣ್ಣಿನಲ್ಲಿದೆ. ಇನ್ನೂ ಒಂದು ಕಟ್ಟಳೆ ಉಂಟು. ಮರಿಯ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಹುಟ್ಟಿದ ಕ್ಷಣದಿಂದಲೇ ಆ ಬಾಗಿಲು ಮುಚ್ಚುತ್ತ ಬರುತ್ತದೆ. ಕೆಚ್ಚಲಿನ ಗಿಣ್ಣೂ ಒಂದೊಂದು ಕರೆಗೂ ತೆಳುವಾಗುತ್ತ ಹೋಗುತ್ತದೆ. ಮರುದಿನ ಸೇರುಗಟ್ಟಲೆ ಕುಡಿಸಿದರೂ ಹೊಟ್ಟೆ ತುಂಬೀತೇ ಹೊರತು ಕವಚ ತೊಟ್ಟಂತಾಗದು. ಆದ್ದರಿಂದ ಮೊದಲ ಗುಟುಕು ಒಂದೆರಡು ಗಂಟೆಗಳೊಳಗೆ ಆಗಬೇಕು. ಮೈತೂಕದ ಹತ್ತರಲ್ಲೊಂದು ಪಾಲಿನಷ್ಟು ಗಿಣ್ಣು ಮೊದಲ ದಿನದೊಳಗೆ ನಾಲ್ಕೈದು ಸಲವಾಗಿ ಒಳಗೆ ಸೇರಬೇಕು. ಎರಡು ಕಿಲೋ ಮರಿಗೆ ಇದು ೨೦೦ ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು.

ಹಾಗಾದರೆ ಮಾಸಿನ ಮಾತೇನು? ಇದೇ ಈ ಚರಿತ್ರೆಯ ಬಲು ಸೋಜಿಗದ ಭಾಗ. ಮಿದುಳಿನ ಬುಡದಲ್ಲಿರುವ ಒಂದು ಗ್ರಂಥಿಯ ಸಾರವು ಗರ್ಭಕೋಶವನ್ನು ಕುಗ್ಗಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ ೧೯೦೬ರಲ್ಲಿ ಕಂಡುಹಿಡಿದನು. ಅದೇ ಸಾರವು ಕೆಚ್ಚಲಿನಿಂದ ಹಾಲನ್ನು ಇಳಿಸುತ್ತದೆಂದು ೧೯೧೦ರಲ್ಲಿ ಆಟ್ ಮತ್ತು ಸ್ಕಾಟ್ ಎಂಬಿಬ್ಬರು ತೋರಿಸಿದರು. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಹಾಲು ಕೊಡುವ ಒಂದು ಆಡನ್ನು. ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಈ ಸಾರ ತಾನಾಗಿ ಒಸರುತ್ತದೆ, ಹಾಲೂ ಇಳಿಯುತ್ತದೆ, ಗರ್ಭಕೋಶವೂ ಕುಗ್ಗುತ್ತದೆ. ಎಂದರೆ, ಮಾಸು ಬಿದ್ದ ಮೇಲೆ ಮರಿಯನ್ನು ಬಿಡಬೇಕೆಂದು ನಾವು ಕಾದು ಕುಳಿತಿರುವಾಗ, ಮಾಸು ಬೀಳುವುದಕ್ಕೆ ನೆರವಾಗಬಲ್ಲ ಮರಿಯನ್ನೇ ಮಂಕರಿಯಡಿ ಮುಚ್ಚಿಟ್ಟಿರುತ್ತೇವೆ! ಸಾಮಾನ್ಯವಾಗಿ ಈದ ಕೆಲವು ಗಂಟೆಗಳಲ್ಲಿ ಮಾಸು ಬೀಳುತ್ತದೆ. ಅರ್ಧ ದಿನ ಕಳೆದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಯಬೇಕು, ಕೈಹಾಕಿ ಎಳೆಯಲಾಗದು.

ನಿಮ್ಮಲ್ಲಿ ಕೆಲವರು ಊರಿನ ಜಮೀನಿನಲ್ಲೋ ಹಿತ್ತಿಲಿನಲ್ಲೋ ಒಂದೆರಡು ಆಡು ಸಾಕಿರಬಹುದು. ಅಂಥವರಿಗೆ ಇನ್ನೊಂದು ಮಾತು. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಮೊದಲು ಗೋಣಿಯಿಂದ ಚೆನ್ನಾಗಿ ಒರೆಸಿ ಮೈ ಬೆಚ್ಚಗೆ ಮಾಡಬೇಕು, ಆಮೇಲೆ ಗಿಣ್ಣು. ಆಡಿನ ಸಹಜ ಮೈಬಿಸಿ ನಮಗಿಂತ ಹೆಚ್ಚು, ಸುಮಾರು ೧೦೨ರಿಂದ ೧೦೩ ಡಿಗ್ರಿ ಫ್ಯಾರನ್‌ಹೀಟ್. ಚೀಪಲಾರದ ಮರಿಯ ಬಾಯಿಗೆ ಗೊಟ್ಟದಿಂದ ಹಾಲು ಹೊಯ್ಯುವುದು ಬಹಳ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದು ಮರಿ ಉಸಿರುಕಟ್ಟಿ ಸಾಯುತ್ತದೆ. ಬಲ್ಲವರಿಂದ ಹೊಟ್ಟೆಗೆ ನಳಿಗೆ ಇಳಿಸಿ ಕುಡಿಸಬೇಕು. ತಾಯಿ ಸತ್ತಿದ್ದರೆ ಅದೇ ಹೊತ್ತಿಗೆ ಈದ ಬೇರೆ ಆಡಿನ ಗಿಣ್ಣು, ಅದೂ ಇಲ್ಲದಿದ್ದರೆ ಹಸುವಿನ ಗಿಣ್ಣು ಆದೀತು. ನಿಮ್ಮ ಮನೆಗೆ ಬಂದ ತಂಬಿಗೆ ನೆರೆಯ ಕೊಟ್ಟಿಗೆಯ ಅನಾಥ ಮರಿಯೊಂದರ ಪ್ರಾಣ ಉಳಿಸುವ ಸಂದರ್ಭವೂ ಇರಬಹುದು.

ಹೊಕ್ಕುಳಿನ ಚರಿತ್ರೆಯೂ ಇದರ ಪಕ್ಕದಲ್ಲೇ ಇದೆ. ಹಸಿಯಾದ ಹೊಕ್ಕುಳಬಳ್ಳಿ ಮರಿಯ ಒಡಲಿಗೆ ತೆರೆದ ಹೆಬ್ಬಾಗಿಲು. ಅಲ್ಲಿಂದ ನಂಜು ಏರಿದರೆ ಹೊಕ್ಕುಳು ಬಾತು, ಕೆಲವು ದಿನಗಳಲ್ಲಿ ಮೊಣಕಾಲ ಕೀಲುಗಳು ಊದಿ, ಮರಿ ಕುಂಟುತ್ತದೆ. ಅದಕ್ಕೆ ಸಗಣಿಯನ್ನೋ ಸಗಣಿಯ ಬೂದಿಯನ್ನೋ ಮೆತ್ತುವ ವಾಡಿಕೆ ಇತ್ತು. ಕಾಖ್‌ನ ಪ್ರಯೋಗಶಾಲೆಯಲ್ಲಿದ್ದ ಜಪಾನಿನ ಕಿಟಸಾಟೊ ೧೮೮೯ರಲ್ಲಿ ಧನುರ್ವಾಯುವಿನ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದನು. ಅದರ ನೆಲೆ ಮಣ್ಣು ಮತ್ತು ಸಗಣಿ. ಈಗ ಹಚ್ಚಬೇಕಾದದ್ದು ಅಯೋಡಿನ್ ದ್ರಾವಣ. ಈ ಅಯೋಡಿನ್ ಸಿಕ್ಕಿದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ನನ ತೋಪುಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುತ್ತಿದ್ದ ಬರ್ನಾರ್ ಕುರ್ತ್ವಾ ಎಂಬ ಫ್ರೆಂಚನು ೧೮೧೧ರಲ್ಲಿ ಕಡಲಪಾಚಿಯ ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಸುರಿದಾಗ ನೇರಿಳೆ ಬಣ್ಣದ ಹೊಗೆ ಎದ್ದಿತು. ಸಿಪಾಯಿಗಳನ್ನು ಕೊಲ್ಲಲು ಹೊರಟ ಮದ್ದಿನ ಮನೆಯಿಂದ ಮರಿಗಳನ್ನು ಉಳಿಸುವ ಮದ್ದು ಹೊರಟಿತು.

ಗಿಣ್ಣಿನಿಂದ ಬಂದದ್ದು ಸಾಲದ ಕವಚ. ವಾರಗಳು ಕಳೆದಂತೆ ಅದು ಸವೆಯುತ್ತದೆ. ಮರಿಯ ಸ್ವಂತ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಮೂರು ವಾರ ದಾಟಿದ ಮೇಲೆ ಭೇದಿ ಹಿಡಿಸುವ ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿ ಒದ್ದೆ ನೆಲದಲ್ಲಿ, ಕಿಕ್ಕಿರಿದ ದೊಡ್ಡಿಯಲ್ಲಿ ಹೊಂಚು ಹಾಕುವುದು ಇದೇ ಸಂಧಿಕಾಲದಲ್ಲಿ. ಕರುಳುಬೇನೆಗೆ ತಾಯಿಗೆ ಈಯುವ ಮೊದಲೇ, ಕೊನೆಯ ತಿಂಗಳಿನಲ್ಲಿ ಲಸಿಕೆ ಹಾಕಿಸಿದರೆ, ಅದರ ಫಲವೂ ಗಿಣ್ಣಿನ ದಾರಿಯಿಂದಲೇ ಮರಿಗೆ ಮುಟ್ಟುತ್ತದೆ.

ಈ ಸಾಲದ ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ಪಿ.ಪಿ.ಆರ್. ಎಂಬ ಹಿರೇಬೇನೆಯ ಚರಿತ್ರೆ ತೋರಿಸುತ್ತದೆ. ಆಡು ಕುರಿಗಳನ್ನು ಹಿಂಡುಹಿಂಡಾಗಿ ಒಯ್ಯುವ ಈ ಜ್ವರವನ್ನು ಮೊದಲು ವರ್ಣಿಸಿದ್ದು ೧೯೪೨ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ನಮ್ಮ ದೇಶದಲ್ಲಿ ಇದನ್ನು ದನಗಳ ದೊಡ್ಡರೋಗದಿಂದ ಬೇರ್ಪಡಿಸಿ ಗುರುತಿಸಿದ್ದು ೧೯೮೭ರಲ್ಲಿ, ತಮಿಳುನಾಡಿನ ಅರಸೂರು ಗ್ರಾಮದ ಕುರಿಗಳಲ್ಲಿ. ಆ ಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಅವರ ಪಾತ್ರ ಹಿರಿದು. ದೊಡ್ಡರೋಗವು ಭೂಮಂಡಲದಿಂದಲೇ ತೊಲಗಿತೆಂದು ೨೦೧೧ರಲ್ಲಿ ಸಾರಲಾಯಿತು. ಅದರ ವಿರುದ್ಧದ ಹೋರಾಟಕ್ಕೆ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದವರು ೧೯೨೫ರಲ್ಲಿ ಸ್ಥಾಪಿಸಿದ ಸೀರಂ ಸಂಸ್ಥೆಯೂ ದುಡಿದಿದೆ. ಅದೇ ರೀತಿ ೨೦೩೦ರೊಳಗೆ ಹಿರೇಬೇನೆಯನ್ನೂ ತೊಲಗಿಸಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮೊದಲಾದವು ೨೦೧೫ರಲ್ಲಿ ಸಂಕಲ್ಪಿಸಿದವು. ಲಸಿಕೆ ಇದೆ, ಒಳ್ಳೆಯದೇ ಇದೆ. ಆದರೆ ಎಳೆಮರಿಗೆ ಹಾಕಿದರೆ, ತಾಯಿಯಿಂದ ಬಂದ ಪ್ರತಿಕಾಯಗಳು ಆ ಲಸಿಕೆಯನ್ನೇ ಶತ್ರುವೆಂದು ತಿಳಿದು ಅಳಿಸಿಬಿಡುತ್ತವೆ. ಅದಕ್ಕಾಗಿಯೇ ಮೂರು ನಾಲ್ಕು ತಿಂಗಳು ತುಂಬಲಿ ಎಂದು ಕಾಯುವುದು.

ಗಿಣ್ಣನ್ನು ಇಷ್ಟು ಹೊಗಳಿದ ಮೇಲೆ ಅದರ ಮೇಲಿನ ದೂರನ್ನೂ ಹೇಳದಿದ್ದರೆ ಅನ್ಯಾಯ. ಅಮೆರಿಕದಲ್ಲಿ ೧೯೭೪ರಲ್ಲಿ, ಮರಿಗಳ ಕಾಲು ಬೀಳಿಸುವ, ದೊಡ್ಡ ಆಡುಗಳ ಕೀಲು ಊದಿಸುವ ಒಂದು ಬೇನೆಯನ್ನು ವರ್ಣಿಸಿದರು. ಅದರ ವೈರಾಣು ಮುಖ್ಯವಾಗಿ ತಾಯಿಯ ಗಿಣ್ಣು ಮತ್ತು ಹಾಲಿನಲ್ಲೇ ಮರಿಗೆ ಇಳಿಯುತ್ತದೆ. ಕೊಲುಮೆಲ್ಲನು ಎದ್ದು ಬಂದು "ನಾನು ಹೇಳಲಿಲ್ಲವೆ?" ಎನ್ನಬಹುದು. ಆದರೆ ಅಲ್ಲಿಯವರು ಕೂಡ ಗಿಣ್ಣನ್ನು ಚೆಲ್ಲುವುದಿಲ್ಲ; ೫೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆ ಕಾಯಿಸಿ ಕೊಡುತ್ತಾರೆ. ಅಷ್ಟು ಬಿಸಿಗೆ ವೈರಾಣು ಸಾಯುತ್ತದೆ, ಪ್ರತಿಕಾಯಗಳು ಉಳಿಯುತ್ತವೆ. ಮನುಷ್ಯರು ಹಸಿ ಗಿಣ್ಣಾಗಲಿ ಹಸಿ ಹಾಲಾಗಲಿ ಕುಡಿಯಬಾರದೆಂಬುದಕ್ಕೂ ಆಡೇ ಸಾಕ್ಷಿ. ಮಾಲ್ಟಾ ದ್ವೀಪದಲ್ಲಿ ಜನರನ್ನು ಕಾಡುತ್ತಿದ್ದ ಜ್ವರಕ್ಕೆ ಮೂಲ ಆಡಿನ ಹಾಲೆಂಬುದನ್ನು ಅಲ್ಲಿಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ೧೯೦೫ರಲ್ಲಿ ಪತ್ತೆಹಚ್ಚಿದನು. ಮಾಸನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಬೇಕೆಂದು ಪಶುವೈದ್ಯರು ಹೇಳುವುದು ಅದೇ ಜ್ವರದ ಭಯದಿಂದ.

ಕಳೆದ ಚಳಿಗಾಲದಲ್ಲಿ ನನ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊದಲ ಪಾಠ ಮುಗಿದ ಮೇಲೆ ಬಂದು ಬಾಗಿಲಲ್ಲಿ ನಿಂತ. ಅಂಗಿಯ ತೋಳಿಗೆ ಅಯೋಡಿನ್ನಿನ ಕಂದು ಕಲೆ. ಬೆಳಗಿನ ಜಾವ ಮೇಕೆ ಈಯಿತು ಸಾರ್, ಮೂರು ಮರಿ ಎಂದ. ಪಾಠದ ಪುಸ್ತಕವನ್ನು ಬದಿಗಿಟ್ಟು ಮಾಸು ಬಿತ್ತೇನೋ ಎಂದು ಕೇಳಿದೆ. ಹುಡುಗರೆಲ್ಲ ನಕ್ಕರು. ಅವನು ಮಾತ್ರ ನಗದೆ, "ಮೂರೂ ಕುಡಿದಾದ ಮೇಲೆ ಬಿತ್ತು ಸಾರ್, ಅದಕ್ಕೇ ಕಾದಿದ್ದು ತಡವಾಯ್ತು" ಎಂದ. ಹಾಜರಿ ಹಾಕಿ ಒಳಗೆ ಕೂರಿಸಿಕೊಂಡೆ.